ಕಾರವಾರದ ಮನೆಯಲ್ಲಿ 1957ರ ಮಾಡರ್ನ್ ತೈಲಚಿತ್ರ: ಬಿಳಿ ಮಬ್ಬು, ಹಕ್ಕಳೆ, ಬೂಸ್ಟು

ಕೋಡಿಬಾಗದವ

ನಮಸ್ಕಾರ. ಒಂದು ಹಳೆಯ ತೈಲಚಿತ್ರದ ಬಗ್ಗೆ ತಿಳಿದವರ ಸಲಹೆ ಬೇಕು.

ಕ್ಯಾನ್ವಾಸ್, 36 ಇಂಚು ಅಗಲ, 24 ಇಂಚು ಎತ್ತರ. ಮೂವರು ಹೆಂಗಸರು ನಿಂತಿದ್ದಾರೆ. ತಲೆ ಮೇಲಿರುವುದು ಮೀನಿನ ಬುಟ್ಟಿಯೋ ದೋಣಿಯೋ ಹೇಳುವುದು ಕಷ್ಟ. ಮುಖಕ್ಕೆ ಕಣ್ಣು ಮೂಗು ಇಲ್ಲ. ತಲೆ ಅಂದರೆ ಒಂದು ತ್ರಿಕೋನ, ಮೈ ಅಂದರೆ ಎರಡು ಮೂರು ಚಪ್ಪಟೆ ತುಂಡು, ಸುತ್ತಲೂ ದಪ್ಪ ಕಪ್ಪು ಗೆರೆ. ಕೆಂಪು, ಕಾವಿ ಹಳದಿ, ಕಡುನೀಲಿ ಮತ್ತು ಚಾಕುವಿನಲ್ಲಿ ಮೆತ್ತಿದ ದಪ್ಪ ಬಿಳಿ. ಬಲಗಡೆ ಕೆಳಗೆ ಅರ್ಧ ಓದಲಾಗುವ ಸಹಿ, ಪಕ್ಕದಲ್ಲಿ 57. ವಾರ್ನಿಷ್ ಹಚ್ಚಿದ ಹೊಳಪು ಎಲ್ಲೂ ಕಾಣುವುದಿಲ್ಲ.

ಈಗಿನ ಸ್ಥಿತಿ: ಕಡುನೀಲಿ ಭಾಗದಲ್ಲಿ ಹಿಟ್ಟು ಉದುರಿಸಿದಂಥ ಬಿಳಿ ಮಬ್ಬು. ಎಡಗಡೆ ಕೆಳಗೆ ಬಿಳಿ ಬಣ್ಣ ಎರಡು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಹಕ್ಕಳೆ ಎದ್ದಿದೆ, ಒಂದೆರಡು ಚೂರು ಬಿದ್ದಿವೆ. ಅದೇ ಮೂಲೆಯಲ್ಲಿ ಕ್ಯಾನ್ವಾಸ್ ಸ್ವಲ್ಪ ಉಬ್ಬಿದೆ. ಹಿಂಬದಿ ಬಟ್ಟೆಯ ಮೇಲೆ ಬೂದು ಚುಕ್ಕೆಗಳು. ಮೊಳೆಗಳೆಲ್ಲ ತುಕ್ಕು. ಕ್ಯಾನ್ವಾಸ್ ಬಿಗಿಯಾಗಲೆಂದು ಒಳಪಟ್ಟಿಯ (ಬಟ್ಟೆಯನ್ನು ಎಳೆದು ಕಟ್ಟಿದ ಮರದ ಚೌಕಟ್ಟು) ಮೂಲೆಗಳಲ್ಲಿ ಹೊಡೆಯುವ ಮರದ ಬೆಣೆಗಳು ಎಂಟಿರಬೇಕು, ಆರಿವೆ. ಹೊರಗಿನ ಫ್ರೇಮಿನಲ್ಲಿ ಸಣ್ಣ ತೂತುಗಳು, ಕೆಳಗೆ ಹುಡಿ. ತೂಗುಹಾಕಿದ್ದು ಪಡುವಣ ಗೋಡೆಗೆ. ಚಿರೇಕಲ್ಲು (ಜಂಬಿಟ್ಟಿಗೆ), ಮೇಲೆ ಸಿಮೆಂಟ್ ಗಿಲಾವು.

ಫ್ರೇಮ್ ಅಂಗಡಿಯಲ್ಲಿ ಸಿಕ್ಕ ಸಲಹೆ: ಆಲೂಗಡ್ಡೆ ಹೋಳಿನಿಂದ ಒರೆಸಿ, ಹಿಂದಿನಿಂದ ಅಗಸೆ ಎಣ್ಣೆ ಕುಡಿಸಿ, ಮುಂದೆ ಕೋಪಾಲ್ (ಮರದ ರಾಳದ) ವಾರ್ನಿಷ್ ಹೊಡೆದು ಗಾಜು ಹಾಕುವುದು. ಇದು ಸರಿಯೇ? ಮನೆಯಲ್ಲೇ ಮಾಡಬಹುದಾದದ್ದು ಎಷ್ಟು, ಮಾಡಬಾರದ್ದು ಎಷ್ಟು? ಮತ್ತೆ, ಇದು ಯಾರ ಚಿತ್ರ ಇರಬಹುದು?

---

ಓರೆ ಬೆಳಕು

ಆ ನಾಲ್ಕೂ ಸಲಹೆ ಬಿಟ್ಟುಬಿಡಿ. ಆಲೂಗಡ್ಡೆಯ ಪಿಷ್ಟ ಬಣ್ಣದ ಸಂದಿಯಲ್ಲಿ ಉಳಿದು ಮುಂದಿನ ಮಳೆಗಾಲದ ಬೂಸ್ಟಿಗೆ ಅನ್ನವಾಗುತ್ತದೆ. ಹಿಂದಿನಿಂದ ಕುಡಿಸಿದ ಅಗಸೆ ಎಣ್ಣೆ ಕೆಲವು ವರ್ಷಗಳಲ್ಲಿ ಕಂದಾಗಿ ಗಟ್ಟಿಯಾಗಿ, ಬಟ್ಟೆಯನ್ನು ಒಣ ಎಲೆಯ ಹಾಗೆ ಮುರುಕು ಮಾಡುತ್ತದೆ. ಅದನ್ನು ಮತ್ತೆ ತೆಗೆಯುವ ದಾರಿ ಇಲ್ಲ. ವಾರ್ನಿಷ್ ಬಗ್ಗೆ ಇಲ್ಲಿ ಬೇರೆಯವರು ಹೇಳಿಯಾರು. ಗಾಜಿನ ಮಾತು ಆಮೇಲೆ.

ಮೊದಲ ಕೆಲಸ, ಚಿತ್ರವನ್ನು ಆ ಗೋಡೆಯಿಂದ ಇಳಿಸುವುದು. ಇಬ್ಬರು ಹಿಡಿಯಬೇಕು, ಫ್ರೇಮಿನ ಎರಡು ಪಕ್ಕ ಹಿಡಿದು. ಮೇಲಿನ ಪಟ್ಟಿಗೆ ಕೈ ಹಾಕಿ ಎತ್ತಬೇಡಿ, ಹಳೆಯ ಮೂಲೆ ಬಿಚ್ಚಿಕೊಳ್ಳುತ್ತದೆ. ಹಕ್ಕಳೆ ಎದ್ದ ಚಿತ್ರವನ್ನು ಗೋಡೆಗೆ ಒರಗಿಸಿಡುವುದೂ ಬೇಡ, ಮುಖ ಮೇಲೆ ಮಾಡಿ ಮೇಜಿನ ಮೇಲೆ ಮಲಗಿಸಿ. ಫ್ಯಾನ್ ಬಂದ್. ಬಿದ್ದ ಚೂರುಗಳನ್ನು ಕೈಯಲ್ಲಿ ಹೆಕ್ಕದೆ, ಒದ್ದೆ ಮಾಡದ ಸಣ್ಣ ಬ್ರಷ್ಷಿನಿಂದ ಕಾಗದದ ಮೇಲೆ ಸರಿಸಿ ಸಣ್ಣ ಡಬ್ಬಿಗೆ ಹಾಕಿ. ಡಬ್ಬಿಯ ಮೇಲೆ ಎಲ್ಲಿಂದ ಬಿದ್ದದ್ದು, ಯಾವ ದಿನ ಎಂದು ಬರೆಯಿರಿ. ಫೆವಿಕಾಲ್ ಹಚ್ಚಿ ಕೂರಿಸುವ ಆಸೆ ಬೇಡ. ಅದು ಒಣಗಿದ ಮೇಲೆ ಬಣ್ಣಕ್ಕೆ ಪೆಟ್ಟಾಗದೆ ಬಿಡಿಸಲು ಬರುವುದಿಲ್ಲ. ತಪ್ಪಾಗಿ ಅಂಟಿದ ಚೂರು ಬಿದ್ದ ಚೂರಿಗಿಂತ ದೊಡ್ಡ ತಲೆನೋವು.

ಆಮೇಲೆ ಫೋಟೊ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಚಿತ್ರದ ಎಡ ಅಂಚಿನಲ್ಲಿ ಮೇಲ್ಮೈಗೆ ಸುಮಾರು 10–15 ಡಿಗ್ರಿ ಓರೆಯಾಗಿ ಹಿಡಿದು ಮೇಲಿನಿಂದ ತೆಗೆಯಿರಿ. ನಂತರ ಬಲಗಡೆಯಿಂದ ಹಾಗೆಯೇ. ನೇರ ಬೆಳಕಲ್ಲಿ ಕಾಣದ ಉಬ್ಬು, ಬಟ್ಟಲಾಗಿ ಎದ್ದ ಬಣ್ಣದ ಅಂಚು, ಎಲ್ಲವೂ ನೆರಳು ಬೀಳಿಸಿ ಎದ್ದು ಕಾಣುತ್ತವೆ. ಹಕ್ಕಳೆಯ ಪಕ್ಕ ಸ್ಕೇಲ್ ಇಟ್ಟು (ಮುಟ್ಟಿಸದೆ) ಒಂದು ಫೋಟೊ ಇರಲಿ. ಹದಿನೈದು ದಿನ ಬಿಟ್ಟು ಅದೇ ಕೋನದಿಂದ ಮತ್ತೆ ತೆಗೆದರೆ ಹೆಚ್ಚುತ್ತಿದೆಯೋ ನಿಂತಿದೆಯೋ ಗೊತ್ತಾಗುತ್ತದೆ.

ಕರಾವಳಿಯಲ್ಲಿ ಹೀಗೇಕೆ ಆಗುತ್ತದೆ ಅಂದರೆ: ಕ್ಯಾನ್ವಾಸ್ ಚಿತ್ರ ಅಂದರೆ ಬಟ್ಟೆ, ಅದರ ಮೇಲೆ ಅಂಟಿನ ಪದರು, ಅದರ ಮೇಲೆ ಬಿಳಿ ತಳಬಣ್ಣ, ಕೊನೆಗೆ ಚಿತ್ರದ ಬಣ್ಣ. ಗಾಳಿಯ ತೇವ ಏರುತ್ತ ಹೋದಂತೆ ಅಂಟು ಮೆತ್ತಗಾಗುತ್ತದೆ, ಚಿತ್ರ ಜೋಲುತ್ತದೆ. ಶೇ. 80–85 ದಾಟಿದರೆ ನೂಲು ಉಬ್ಬಿ, ನೇಯ್ಗೆ ಬಿಗಿಯಾಗಿ ಬಟ್ಟೆ ಕುಗ್ಗುತ್ತದೆ. 60–70 ವರ್ಷದ ಬಣ್ಣದ ಪದರು ಕುಗ್ಗಲಾರದು. ಕೆಳಗಿನ ಅಂಟು ಹಿಡಿತ ಬಿಟ್ಟಿರುತ್ತದೆ. ಅದಕ್ಕೆ ಉಳಿದ ದಾರಿ ಒಂದೇ, ಮೇಲೆ ಏಳುವುದು. ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಇದೇ ನಡೆಯುತ್ತಿರುತ್ತದೆ. ಡಿಸೆಂಬರಿನಲ್ಲಿ ಎಲ್ಲ ಮತ್ತೆ ಒಣಗಿ ಉಲ್ಟಾ ಎಳೆತ. ವರ್ಷಕ್ಕೊಂದು ಸುತ್ತು.

ಕೊನೆಯದಾಗಿ ಒಂದು ಅನುಮಾನ. ಎಂಟರಲ್ಲಿ ಎರಡು ಬೆಣೆ ಇಲ್ಲ, ಎಡ ಮೂಲೆಯ ಕೆಳಗೆ ಉಬ್ಬು, ಉಬ್ಬಿದಲ್ಲೇ ಹಕ್ಕಳೆ. ಕಾಣೆಯಾದ ಬೆಣೆ ಕೆಳಗಿನ ಒಳಪಟ್ಟಿಗೂ ಕ್ಯಾನ್ವಾಸಿಗೂ ನಡುವೆ ಬಿದ್ದಿರಬಹುದು. ಚಿತ್ರ ಗೋಡೆಯಲ್ಲಿದ್ದಾಗ ಬಿದ್ದದ್ದೆಲ್ಲ ಅಲ್ಲಿಗೇ ಹೋಗುತ್ತದೆ: ಗಿಲಾವಿನ ಚೂರು, ಸತ್ತ ಜಿರಲೆ, ಬೆಣೆ. ಮಲಗಿಸುವ ಮೊದಲು ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ನೋಡಿ ಅಷ್ಟೇ, ಮುಟ್ಟಬೇಡಿ.

---

ಸತುವಿನ ಬಿಳಿ

ಬಿಳಿ ಮಬ್ಬು ಕಂಡ ಕೂಡಲೇ ಎಲ್ಲರೂ ಬೂಸ್ಟು ಅನ್ನುತ್ತಾರೆ. ಅರ್ಧ ಸಲ ಅದು ಬೂಸ್ಟೇ ಅಲ್ಲ. ಗುರುತಿಸುವುದು ಹೀಗೆ.

ಬೂಸ್ಟಿಗೆ ಚಿತ್ರಕಾರನ ಗೆರೆ ಗೊತ್ತಿಲ್ಲ. ಅದು ಗುಂಡಗಿನ ಚುಕ್ಕೆಯಾಗಿ ಶುರುವಾಗಿ, ನೀಲಿಯಿಂದ ಕೆಂಪಿಗೆ, ಕೆಂಪಿನಿಂದ ಕಪ್ಪು ಗೆರೆಗೆ ದಾಟುತ್ತ ಹರಡುತ್ತದೆ. 10 ಪಟ್ಟಿನ ಮಸೂರದಲ್ಲಿ ಎಳೆಎಳೆಯಾಗಿ ಕಾಣುತ್ತದೆ. ವಾಸನೆಯೂ ಇರುತ್ತದೆ. ಇನ್ನೊಂದು ಬಗೆಯ ಮಬ್ಬು ಬಣ್ಣದ ಒಳಗಿನಿಂದಲೇ ಬರುವುದು: ಎಣ್ಣೆಯಲ್ಲಿರುವ ಪಾಮಿಟಿಕ್, ಸ್ಟಿಯರಿಕ್ ಕೊಬ್ಬಿನಾಮ್ಲಗಳು ಮೆಲ್ಲಗೆ ಮೇಲೆ ಬಂದು ಮೇಣದ ಹುಡಿಯಂತೆ ಕೂರುತ್ತವೆ. ಇದು ಒಂದೇ ಬಣ್ಣದ ಎಲ್ಲೆಯೊಳಗೆ ಇರುತ್ತದೆ, ಕುಂಚದ ಗುರುತನ್ನೇ ಹಿಡಿದು ಕೂತಿರುತ್ತದೆ, ಕಡುಬಣ್ಣದಲ್ಲಿ ಮಾತ್ರ ಕಣ್ಣಿಗೆ ಹೊಡೆಯುತ್ತದೆ. 20ನೇ ಶತಮಾನದ ಮಧ್ಯದ ಟ್ಯೂಬ್ ಬಣ್ಣಗಳಲ್ಲಿ ಇದು ಹೆಚ್ಚು. ಟ್ಯೂಬಿನೊಳಗೆ ಎಣ್ಣೆ ಬೇರ್ಪಡದಿರಲೆಂದು ಅಲ್ಯೂಮಿನಿಯಂ ಸ್ಟಿಯರೇಟ್‌ನಂಥವನ್ನು ಸೇರಿಸುತ್ತಿದ್ದುದೂ ಒಂದು ಕಾರಣ. ಆ ಕಾಲದ ಚಿತ್ರಗಳಲ್ಲಿ ಮೂರನೆಯ ಬಗೆಯ ಮಬ್ಬೂ ಕಂಡುಬಂದಿದೆ. ಬಣ್ಣಕ್ಕೆ ಬೆರೆಸಿದ ಮೆಗ್ನೀಸಿಯಂ ಕಾರ್ಬೊನೇಟ್ ಗಾಳಿಯ ಗಂಧಕದ ಡೈಆಕ್ಸೈಡಿನೊಂದಿಗೆ ಸೇರಿ ಮೆಗ್ನೀಸಿಯಂ ಸಲ್ಫೇಟ್ ಉಪ್ಪಾಗುವುದು. ಅದು ನೀರಿನಲ್ಲಿ ಕರಗುತ್ತದೆ. ಹಾಗಾಗಿ ಆ ಚಿತ್ರವನ್ನು ಒದ್ದೆ ಹತ್ತಿಯಲ್ಲಿ ಒರೆಸಿದರೆ ಬಣ್ಣದ ಮೇಲ್ಪದರೇ ಎದ್ದು ಬರುತ್ತದೆ.

ಅದಕ್ಕೇ ಹೇಳುವುದು, ರಾಜಾ ರವಿವರ್ಮನ ಕಾಲದ ವಾರ್ನಿಷ್ ಹಾಕಿದ ತೈಲಚಿತ್ರಕ್ಕೆ ನಡೆಯುವ ಉಪಚಾರ 1950ರ ದಶಕದ ಚಿತ್ರಕ್ಕೆ ನಡೆಯುವುದಿಲ್ಲ. ಅಲ್ಲಿ ಕೊಳೆ ಕೂತಿರುವುದು ವಾರ್ನಿಷ್ ಮೇಲೆ. ಇಲ್ಲಿ ನೇರ ಬಣ್ಣದ ಮೇಲೆ. ವಯಸ್ಸು ಕಡಿಮೆ, ಹಾಗಾಗಿ ಗಟ್ಟಿ ಅಂದುಕೊಳ್ಳುತ್ತಾರೆ. ಲೆಕ್ಕ ಪೂರಾ ಉಲ್ಟಾ.

ಒಣ ಶುಚಿ ಮಾತ್ರ ಮನೆಯಲ್ಲಿ ಸಾಧ್ಯ, ಅದೂ ಹಕ್ಕಳೆಯಿಂದ ಒಂದು ಗೇಣು ದೂರ ಬಿಟ್ಟು. ಅಗಲವಾದ ಮೆತ್ತನೆಯ ಮೇಕೆ ಕೂದಲಿನ ಬ್ರಷ್ (ಲೋಹದ ಪಟ್ಟಿಗೆ ಟೇಪ್ ಸುತ್ತಿ, ಗೀರು ಬೀಳದ ಹಾಗೆ). ಮೇಲಿನಿಂದ ಕೆಳಗೆ, ಒಂದೇ ದಿಕ್ಕಿಗೆ, ಭಾರ ಹಾಕದೆ. ಚಾಕುವಿನಿಂದ ಮೆತ್ತಿದ ದಪ್ಪ ಬಣ್ಣದ ಏಣುಗಳ ಸಂದಿಯಲ್ಲಿ ಧೂಳು ಉಳಿಯುತ್ತದೆ, ಉಳಿಯಲಿ. ಅದನ್ನು ಕೆದಕಲು ಹೋದಾಗಲೇ ಏಣು ಮುರಿಯುವುದು.

ನೀರಿನ ಪರೀಕ್ಷೆ ಮಾಡಲೇಬೇಕೆಂದರೆ ಫ್ರೇಮಿನಡಿ ಮುಚ್ಚಿಹೋಗುವ ಅಂಚಿನಲ್ಲಿ, 5 ಮಿ.ಮೀ. ಚೌಕದಲ್ಲಿ ಮಾತ್ರ. ಬಿದಿರು ಕಡ್ಡಿಗೆ ಹತ್ತಿ ಸುತ್ತಿ, ಡಿಸ್ಟಿಲ್ಡ್ ನೀರಿಗೆ ಮುಟ್ಟಿಸಿ, ಟಿಶ್ಯೂ ಮೇಲೆ ಒತ್ತಿ ನೀರು ತೆಗೆದು, ಬರೀ ತೇವ ಉಳಿದಾಗ ಉರುಳಿಸಬೇಕು. ಉಜ್ಜಬಾರದು. ಹತ್ತು ಸಲ ಉರುಳಿಸಿ ಹತ್ತಿ ನೋಡಿ. ಬೂದು ಬಂದರೆ ಕೊಳೆ. ಚೂರೇ ಚೂರು ಕೆಂಪೋ ಹಳದಿಯೋ ನೀಲಿಯೋ ಬಂದರೆ ಅಲ್ಲಿಗೆ ನಿಲ್ಲಿಸಿ, ಆ ಚಿತ್ರಕ್ಕೆ ಮನೆಯಲ್ಲಿ ನೀರು ವರ್ಜ್ಯ. ಪ್ರತಿ ಬಣ್ಣಕ್ಕೂ ಬೇರೆ ಪರೀಕ್ಷೆ ಬೇಕು, ಕಪ್ಪು ಗಟ್ಟಿ ಇದ್ದ ಮಾತ್ರಕ್ಕೆ ಕಾವಿ ಹಳದಿ ಗಟ್ಟಿ ಇರಬೇಕೆಂದಿಲ್ಲ. ಕಾವಿ, ಅಲ್ಟ್ರಮರೀನ್ ನೀಲಿ, ಕೆಲವು ಕೆಂಪುಗಳು ಮೊದಲು ಕೈಕೊಡುವವು.

ಈಗ ಆ ದಪ್ಪ ಬಿಳಿ. ಮಧ್ಯ ಶತಮಾನದ ಬಿಳಿ ಟ್ಯೂಬಿನಲ್ಲಿ ಸತುವಿನ ಆಕ್ಸೈಡ್ ಇರುವುದು ಮಾಮೂಲು, ಒಂಟಿಯಾಗಿ ಇಲ್ಲವೇ ಟೈಟಾನಿಯಂ ಜತೆ. ಸತು ಎಣ್ಣೆಯ ಆಮ್ಲಗಳೊಂದಿಗೆ ಸೇರಿ ಸಾಬೂನಾಗುತ್ತದೆ. ಪದರು ಗಾಜಿನಂತೆ ಗಡುಸಾಗುತ್ತದೆ, ಬಗ್ಗುವುದಿಲ್ಲ, ಕೆಳಪದರಿನಿಂದ ಹಾಳೆಹಾಳೆಯಾಗಿ ಬಿಡುತ್ತದೆ. ನಿಮ್ಮಲ್ಲಿ ಬಿಳಿಯೇ ಎದ್ದಿರುವುದು ಕಾಕತಾಳೀಯ ಅಲ್ಲ ಅನ್ನಿಸುತ್ತದೆ. ಒಂದು ಯುವಿ ಟಾರ್ಚ್ ಸಿಕ್ಕರೆ ಕತ್ತಲಲ್ಲಿ ನೋಡಿ, ಸತುವಿನ ಬಿಳಿ ನಿಂಬೆ ಹಸಿರು-ಹಳದಿಯಾಗಿ ಹೊಳೆಯುತ್ತದೆ. ಟೈಟಾನಿಯಂ ಬಿಳಿ ಹೊಳೆಯದೆ ಕಡು ನೇರಳೆಯಾಗಿ ಉಳಿಯುತ್ತದೆ. ಆದರೆ ಹೊಳೆದರೂ ಹೊಳೆಯದಿದ್ದರೂ ಹಕ್ಕಳೆ ಕೂರಿಸುವುದು ನಿಮ್ಮ ಕೆಲಸ ಅಲ್ಲ. ಮೀನಿನ ಗಾಳಿಚೀಲದಿಂದ ತೆಗೆದ ತೆಳು ಅಂಟು ಇಲ್ಲವೇ 65–70 ಡಿಗ್ರಿಯಲ್ಲಿ ಮೆದುವಾಗುವ ಬೇವಾ ಎಂಬ ಕೃತಕ ಅಂಟು ಬಳಸಿ, ತೀರಾ ತೆಳುವಾದ ಜಪಾನಿ ಕಾಗದದ ಮೂಲಕ, ಚೂರು ಚೂರಾಗಿ ಕೂರಿಸುವ ಕೆಲಸ ಅದು. ಕೈ ಪಳಗಿದವರೇ ಮಾಡಬೇಕು.

---

ಕೋಡಿಬಾಗದವ

ಇಬ್ಬರಿಗೂ ಧನ್ಯವಾದ. ನೋಡಿದ್ದು ಇಷ್ಟು: ಮಬ್ಬು ನೀಲಿಯೊಳಗೆ ಮಾತ್ರ ಇದೆ, ಕಪ್ಪು ಗೆರೆ ಬಂದಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಮಸೂರದಲ್ಲಿ ಎಳೆ ಇಲ್ಲ. ಹಿಂಬದಿಯ ಚುಕ್ಕೆಗಳಲ್ಲಿ ಮಾತ್ರ ಎಳೆ ಇದೆ, ಮಣ್ಣು ವಾಸನೆ ಇದೆ. ಕಾವಿ ಹಳದಿಯ ಅಂಚಿನಲ್ಲಿ ಆರನೇ ಉರುಳಿಗೇ ಹತ್ತಿ ಹಳದಿಯಾಯಿತು, ನಿಲ್ಲಿಸಿದೆ. ಬೆಣೆಯ ವಿಷಯ ನಿಜ. ಒಂದು ಬೆಣೆ ಎಡ ಮೂಲೆಯಲ್ಲಿ, ಪಟ್ಟಿಯ ಹಿಂದೆ ಅಡ್ಡ ಬಿದ್ದಿದೆ. ಅದರ ಮೇಲೆ ಗಿಲಾವಿನ ಮರಳು. ಚಿತ್ರವನ್ನು ತಲೆಕೆಳಗು ಮಾಡಿ ಬೀಳಿಸಲೇ? ಇನ್ನೊಂದು ಬೆಣೆ ಕಾಣಲಿಲ್ಲ.

---

ಓರೆ ಬೆಳಕು

ಬೇಡ. ಬಣ್ಣ ಗಟ್ಟಿ ಇದ್ದರೆ ಹಾಗೇ ಮಾಡುತ್ತಿದ್ದೆವು: ನಿಲ್ಲಿಸಿ ತಲೆಕೆಳಗು ಮಾಡುವುದು, ಪಟ್ಟಿಯನ್ನು ಬೆರಳಿನಿಂದ ತಟ್ಟುವುದು. ಉಳಿದದ್ದನ್ನು ತೆಳು ರಟ್ಟಿನ ಪಟ್ಟಿಯಿಂದ ಪಕ್ಕಕ್ಕೆ ಸರಿಸಿ ತೆಗೆಯುವುದು. ಆದರೆ ನಿಮ್ಮ ಬೆಣೆ ಕೂತಿರುವುದು ಎದ್ದ ಹಕ್ಕಳೆಯ ಬೆನ್ನಿಗೆ. ಅದು ಅರ್ಧ ಇಂಚು ಜರುಗಿದರೆ ಸಾಕು, ಬಟ್ಟೆ ಆಡಿ ಬಿಳಿ ಉದುರುತ್ತದೆ. ಸಂರಕ್ಷಕರು ಚಿತ್ರದ ಮುಂಬದಿಗೆ ಜಪಾನಿ ಕಾಗದ ಅಂಟಿಸಿ ಬಣ್ಣ ಹಿಡಿಸಿದ ಮೇಲೆ ಬೆಣೆ ತೆಗೆಯುವುದು ಸರಿಯಾದ ಕ್ರಮ. ಇಷ್ಟು ವರ್ಷ ಇತ್ತು, ಇನ್ನು ನಾಲ್ಕು ತಿಂಗಳು ಇರಲಿ. ಉಳಿದ ಆರು ಬೆಣೆಗಳಿಗೆ ಸುತ್ತಿಗೆ ಮುಟ್ಟಿಸಬೇಡಿ. ಮಳೆಗಾಲದಲ್ಲಿ ಜೋಲಿತೆಂದು ಬೆಣೆ ಹೊಡೆದು ಬಿಗಿ ಮಾಡಿದವರು ಜನವರಿಯಲ್ಲಿ ಮೂಲೆ ಹರಿದದ್ದನ್ನು ನೋಡುತ್ತಾರೆ.

ಹಿಂಬದಿಯ ಬೂಸ್ಟಿಗೆ: ಮಳೆ ಬಿಟ್ಟ ಒಣ ದಿನ, ಗಾಳಿಯಾಡುವ ಜಗಲಿಯಲ್ಲಿ, ಎನ್‌95 ಮಾಸ್ಕ್ ಮತ್ತು ಕೈಗವಸು ಹಾಕಿ. ಚಿತ್ರವನ್ನು ಇನ್ನೊಬ್ಬರು ಹಿಂದಕ್ಕೆ ತುಸು ಓರೆಯಾಗಿ, ಮುಖ ಮೇಲಾಗುವಂತೆ ಹಿಡಿದಿರಬೇಕು. ನೀವು ಕೆಳಗಿನಿಂದ ಮೆತ್ತನೆಯ ಬ್ರಷ್ಷಿನಲ್ಲಿ ವ್ಯಾಕ್ಯೂಮ್ ಬಾಯಿಯತ್ತ ಸರಿಸುವುದು. ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ, ಬಟ್ಟೆಯಿಂದ ಎರಡು ಇಂಚು ದೂರ, ಅತಿ ಕಡಿಮೆ ಸೆಳೆತ. ಹೆಪಾ ಫಿಲ್ಟರ್ (ಅತಿ ಸಣ್ಣ ಕಣವನ್ನೂ ಹಿಡಿಯುವ ಜರಡಿ) ಇರುವ ಯಂತ್ರವೇ ಆಗಬೇಕು, ಇಲ್ಲದಿದ್ದರೆ ಬೂಸ್ಟಿನ ಬೀಜವನ್ನು ಮನೆಯೆಲ್ಲ ಬಿತ್ತಿದ ಹಾಗೆ. ಹಕ್ಕಳೆಯ ಹಿಂದಿನ ಒಂದು ಅಡಿ ಜಾಗ ಬಿಟ್ಟುಬಿಡಿ. ಡೆಟಾಲ್, ಬ್ಲೀಚಿಂಗ್, ಸ್ಪಿರಿಟ್ ಯಾವುದೂ ಬೇಡ. ಡಾಂಬರು ಗುಳಿಗೆಯನ್ನು ಹಿಂದೆ ಸಿಕ್ಕಿಸುವುದೂ ಬೇಡ, ಅದರ ಆವಿ ಬಣ್ಣಕ್ಕೆ ಒಳ್ಳೆಯದಲ್ಲ. ಬಿಸಿಲಿಗೆ ಇಡುವವರಿದ್ದಾರೆ. ಮಾರಾಯ್ರೆ, ಅದು ಹಪ್ಪಳ ಅಲ್ಲ. ಅರ್ಧ ಗಂಟೆಯ ಬಿಸಿಲಿಗೆ ಬಟ್ಟೆ ಒಮ್ಮೆಲೇ ಒಣಗಿ ಬಣ್ಣ ಸಿಡಿಯುತ್ತದೆ.

ನೀಲಿಯ ಮಬ್ಬು ನೀವು ಹೇಳಿದ ಲಕ್ಷಣಕ್ಕೆ ಕೊಬ್ಬಿನಾಮ್ಲದ್ದೇ. ಕಣ್ಣಿಗೆ ಚೆನ್ನಾಗಿಲ್ಲ, ಆದರೆ ಚಿತ್ರಕ್ಕೆ ಅದರಿಂದ ಈಗಲೇ ಅಪಾಯ ಇಲ್ಲ. ಸಂರಕ್ಷಕರು ಸರಿಯಾದ ದ್ರಾವಕದಿಂದ ಸುಲಭವಾಗಿ ತೆಗೆಯುತ್ತಾರೆ. ಮತ್ತೆ ಬರಲೂಬಹುದು.

---

ಶಿರಸಿ ಮರಗೆಲಸ

ಚಿತ್ರದ ಮುಖ ನನ್ನ ವಿಷಯ ಅಲ್ಲ. ಗೋಡೆ, ಫ್ರೇಮ್, ಬೆನ್ನು ಇವಿಷ್ಟರ ಬಗ್ಗೆ ಹೇಳುತ್ತೇನೆ.

ಚಿರೇಕಲ್ಲು ಸ್ಪಂಜಿನಂಥ ಕಲ್ಲು. ಪಡುವಣ ಗೋಡೆಗೆ ಮಳೆ ನೇರ ಬಡಿಯುತ್ತದೆ, ಕಲ್ಲು ಕುಡಿಯುತ್ತದೆ. ಸಿಮೆಂಟ್ ಗಿಲಾವು ಹಾಕಿದ ಮೇಲೆ ಸುಣ್ಣದ ಗೋಡೆಯಂತೆ ಬೇಗ ಉಸಿರು ಬಿಡಲಾರದು. ಹೊರಗೆ ಬಿಸಿಲು ಬಿದ್ದರೂ ಗೋಡೆಯ ಒಳಮೈ ವಾರಗಟ್ಟಲೆ ತಣ್ಣಗೆ ಇರುತ್ತದೆ. ಅಲ್ಲಿ ತೂಗಿದ ಚಿತ್ರದ ಬೆನ್ನ ಹಿಂದೆ ಕೋಣೆಗಿಂತ ಹೆಚ್ಚು ತೇವ. ಹಾಗಾಗಿ ಜಾಗ ಬದಲಿಸುವುದೇ ದೊಡ್ಡ ಔಷಧ: ಮನೆಯ ನಡುವಿನ ಅಡ್ಡಗೋಡೆ, ಎರಡೂ ಬದಿ ಕೋಣೆ ಇರುವಂಥದ್ದು. ದೇವರ ದೀಪ, ಒಲೆ, ಬಚ್ಚಲು ಗೋಡೆ ಇವುಗಳಿಂದ ದೂರ. ನಮ್ಮ ಘಟ್ಟದ ಮೇಲಿನ ಮನೆಗಳಲ್ಲಿ ಉಪ್ಪುಗಾಳಿ ಇಲ್ಲ, ಆದರೆ ಹೊಗೆ ಇದೆ. ಬಚ್ಚಲೊಲೆ, ಅಡಿಕೆ ಬೇಯಿಸುವ ಒಲೆಯ ಹೊಗೆ ಜಿಡ್ಡಾಗಿ ಕೂತರೆ ಒಣ ಬ್ರಷ್ಷಿಗೆ ಬಗ್ಗುವುದಿಲ್ಲ.

ಫ್ರೇಮಿನ ಕೆಳಗಿನ ಎರಡು ಮೂಲೆಗೆ ಒಂದೊಂದು ಇಂಚಿನ ಕಾರ್ಕ್ ತುಂಡು ಅಂಟಿಸಿ. ಚಿತ್ರದ ಹಿಂದೆ ಗಾಳಿ ಆಡಬೇಕು. ತೂಗಲು ಒಂದು ಮೊಳೆ ಸಾಲದು, ಎರಡು ಕೊಕ್ಕೆ, ಸ್ಟೇನ್‌ಲೆಸ್ ಸ್ಟೀಲಿನದು. ಕಾರವಾರದ ಗಾಳಿಗೆ ಕಬ್ಬಿಣದ ತಂತಿ ಒಳಗೊಳಗೇ ತಿಂದು ಹೋಗಿ ಒಂದು ದಿನ ಕಳಚುತ್ತದೆ.

ಬೆನ್ನಿಗೆ ಮುಚ್ಚಿಗೆ ಹಾಕಿ. ಬೋರ್ಡ್ ಬರೆಯುವವರ ಹತ್ತಿರ ಸಿಗುವ, ಒಳಗೆ ಟೊಳ್ಳಿರುವ ಪ್ಲಾಸ್ಟಿಕ್ಕಿನ ಸನ್‌ಪ್ಯಾಕ್ ಶೀಟ್, 4–5 ಮಿ.ಮೀ. ದಪ್ಪದ್ದು. ಪ್ಲೈವುಡ್ ಮತ್ತು ಹಾರ್ಡ್‌ಬೋರ್ಡ್ ಬೇಡ, ಆಮ್ಲ ಬಿಡುತ್ತವೆ, ತೇವವನ್ನೂ ಹೀರುತ್ತವೆ. ಹಿತ್ತಾಳೆ ಸ್ಕ್ರೂ, ಸುಮಾರು 6 ಇಂಚಿಗೊಂದು. ಆದರೆ ನಿಮ್ಮ ಚಿತ್ರದ ಒಳಪಟ್ಟಿಗೆ ಡ್ರಿಲ್ ಹಾಕಿದರೆ ಅದುರಿ ಹಕ್ಕಳೆ ಬಿದ್ದೀತು, ಹೊರಗಿನ ಫ್ರೇಮಿಗೇ ಕೂರಿಸಬೇಕು. ಅದೂ ಫ್ರೇಮನ್ನು ಚಿತ್ರದಿಂದ ಬೇರ್ಪಡಿಸಿ, ತೂತು ಹೊಡೆದುಕೊಂಡು, ಆಮೇಲೆ ಚಿತ್ರ ಇಟ್ಟು ಕೈಯಲ್ಲಿ ಸ್ಕ್ರೂ ತಿರುಗಿಸಿ. ಚಿತ್ರವನ್ನು ಫ್ರೇಮಿಗೆ ಹಿಡಿಸಲು ಮೊಳೆ ಬಗ್ಗಿಸಿ ಹೊಡೆಯುವ ಪದ್ಧತಿ ಬೇಡ, ಹಿತ್ತಾಳೆ ಪಟ್ಟಿ ಸಾಕು.

ಫ್ರೇಮಿನ ಹುಡಿ ಕುಟ್ಟೆ ಹುಳುವಿನದು. ಜೀವಂತ ಇದೆಯೋ ನೋಡಲು ಬಿಚ್ಚಿದ ಫ್ರೇಮಿನ ಅಡಿ ಕಪ್ಪು ಕಾಗದ ಹಾಸಿ ಹದಿನೈದು ದಿನ ಬಿಡಿ. ತಿಳಿ ಬಣ್ಣದ ಹೊಸ ಹುಡಿ ಬಿದ್ದರೆ ಇದೆ. ಮದ್ದು ಹೊಡೆಯುವುದು ಫ್ರೇಮಿಗೆ ಮಾತ್ರ, ಬೇರೆ ಕೋಣೆಯಲ್ಲಿ. ಕನಿಷ್ಠ ಮೂರು ವಾರ ಆರಿ ವಾಸನೆ ಹೋಗದೆ ಚಿತ್ರದ ಹತ್ತಿರ ತರಬೇಡಿ. ಒಳಪಟ್ಟಿ ಸಾಗುವಾನಿಯ ತಿರುಳು ಆಗಿದ್ದರೆ ಕುಟ್ಟೆ ಅದಕ್ಕೆ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಬಿಳಿ ಅಂಚು ಇರುವಲ್ಲಿ ಮಾತ್ರ ನೋಡಿಕೊಳ್ಳಿ. ಫ್ರೇಮ್ ತೀರಾ ಟೊಳ್ಳಾಗಿದ್ದರೂ ಹಳೆಯದನ್ನು ಎಸೆಯಬೇಡಿ, ಅದೇ ಅಳತೆಗೆ ಕುಮಟಾ, ಶಿರಸಿಯ ಗುಡಿಗಾರರು ಮಾಡಿಕೊಡುತ್ತಾರೆ. ಕೆತ್ತನೆ ಬೇಡ ಎಂದು ಮೊದಲೇ ಹೇಳಿ! ಇಂಥ ಚಿತ್ರಕ್ಕೆ ಬಳ್ಳಿ ಹೂವಿನ ಚೌಕಟ್ಟು ಹೊಂದುವುದಿಲ್ಲ.

ಗಾಜು ಹಾಕಬಹುದು ಅಂತ ನನ್ನ ಅಭಿಪ್ರಾಯ, ಉಪ್ಪು ಧೂಳು ತಡೆಯುತ್ತದೆ.

---

ಸತುವಿನ ಬಿಳಿ

ಗಾಜಿನ ಬಗ್ಗೆ ನನ್ನ ತಕರಾರು ಇದೆ. ಬೇಸಿಗೆಯಲ್ಲಿ ಸರಿ. ಆಷಾಢದಲ್ಲಿ ಗಾಜಿನ ಒಳಗೆ ಸಿಕ್ಕಿಬಿದ್ದ ತೇವ ಹೋಗುವುದೆಲ್ಲಿಗೆ? ಹಾಕಲೇಬೇಕಾದರೆ ದಪ್ಪ ಬಣ್ಣದ ಅತಿ ಎತ್ತರದ ಏಣಿನಿಂದಲೂ 6 ಮಿ.ಮೀ. ದೂರ ಇರುವಂತೆ ಒಳಗೆ ಪಟ್ಟಿ ಕೊಡಬೇಕು. ಲ್ಯಾಮಿನೇಟೆಡ್ ಗಾಜು ಇರಲಿ. ಅಕ್ರಿಲಿಕ್ ಶೀಟ್ ಖಂಡಿತ ಬೇಡ, ಅದನ್ನು ಒರೆಸಿದಾಗ ಹುಟ್ಟುವ ವಿದ್ಯುತ್ತಿಗೆ ಎದ್ದ ಬಣ್ಣದ ಚೂರು ಹಾರಿ ಅಂಟಿಕೊಳ್ಳುತ್ತದೆ. ಹಕ್ಕಳೆ ಗಟ್ಟಿಯಾಗುವ ತನಕ ಯಾವುದೂ ಬೇಡ ಅಂತಲೇ ನನ್ನ ಮತ.

ತೇವ ಅಳೆಯಲು ಡಿಜಿಟಲ್ ಹೈಗ್ರೊಮೀಟರ್ ತನ್ನಿ, ದುಬಾರಿಯಲ್ಲ. ಕೋಣೆಯ ನಡುವೆ ಅಲ್ಲ, ಚಿತ್ರದ ಹಿಂದೆ ಇಡಿ. ಅಗ್ಗದ ಯಂತ್ರ ಸುಳ್ಳು ಹೇಳುವುದುಂಟು, ಪರೀಕ್ಷೆ ಹೀಗೆ: ಬಾಟಲಿ ಮುಚ್ಚಳದಲ್ಲಿ ಪ್ಯಾಕೆಟ್ ಉಪ್ಪು ಹಾಕಿ, ಗಂಜಿಯಷ್ಟು ಒದ್ದೆ ಮಾಡಿ, ಯಂತ್ರದ ಜತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು 8–10 ಗಂಟೆ ಬಿಡಿ. ಶೇ. 75 ತೋರಿಸಬೇಕು. 79 ತೋರಿಸಿದರೆ ಯಾವಾಗಲೂ 4 ಕಳೆದು ಓದಿ. ಸಾಣಿಕಟ್ಟೆ ಉಪ್ಪು ಅಡುಗೆಗೆ ಎಷ್ಟೇ ರುಚಿಯಾಗಿದ್ದರೂ ಇದಕ್ಕೆ ಆಗದು. ಅದರಲ್ಲಿರುವ ಮೆಗ್ನೀಸಿಯಂ ಲವಣಗಳಿಂದ ಲೆಕ್ಕ ಕೆಳಗೆ ಬರುತ್ತದೆ.

ಗುರಿ ಶೇ. 50–60. ಕಾರವಾರದಲ್ಲಿ ಮಳೆಗಾಲಕ್ಕೆ 65ರ ಕೆಳಗೆ ಇಟ್ಟರೂ ಗೆದ್ದಂತೆ, ಬೂಸ್ಟು ಅದಕ್ಕಿಂತ ಮೇಲೆಯೇ ಹಬ್ಬುವುದು. ಡೀಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಇಟ್ಟರೆ ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ, ದಿನವಿಡೀ ಒಂದೇ ಮಟ್ಟದಲ್ಲಿ ಓಡಿಸಿ. ರಾತ್ರಿ ಏಸಿ ಹಾಕಿ ಬೆಳಿಗ್ಗೆ ಬಂದ್ ಮಾಡಿ ಕಿಟಕಿ ತೆರೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಸ್ಥಿರವಾದ 68 ಏರಿಳಿಯುವ 50–85ಕ್ಕಿಂತ ಎಷ್ಟೋ ಮೇಲು.

ವಾರ್ನಿಷ್: ಆ ಕಾಲದ ಎಷ್ಟೋ ಚಿತ್ರಕಾರರು ಬೇಕೆಂದೇ ಹಚ್ಚಲಿಲ್ಲ. ಕಪ್ಪು ಗೆರೆ ಮಂಕು, ಪಕ್ಕದ ಕೆಂಪು ತುಸು ಹೊಳಪು, ಈ ವ್ಯತ್ಯಾಸವೇ ಅಲ್ಲಿ ಆಳ ಕೊಡುವುದು. ಒಂದು ಕೈ ವಾರ್ನಿಷ್ ಹೊಡೆದರೆ ಎಲ್ಲ ಒಂದೇ ಹೊಳಪಿನ ಕ್ಯಾಲೆಂಡರ್ ಆಗುತ್ತದೆ. ಹಳದಿಯಾದ ಮೇಲೆ ತೆಗೆಯಲು ಹೋದರೆ ದ್ರಾವಕಕ್ಕೆ ಬಣ್ಣವೂ ಬರುತ್ತದೆ.

---

ಗೆರೆ ಮತ್ತು ಬಣ್ಣ

ಯಾರ ಚಿತ್ರ ಎನ್ನುವ ಪ್ರಶ್ನೆಗೆ.

ಮುಖದಲ್ಲಿ ಕಣ್ಣಿಲ್ಲ ಎಂದರೆ ಅಪೂರ್ಣ ಅಲ್ಲ. ಇದನ್ನು ಮೊದಲೇ ಹೇಳುವುದು ಯಾಕೆಂದರೆ ಇಂಥ ಚಿತ್ರಗಳಿಗೆ 'ಟಚಪ್' ಮಾಡಿಸಿ ಕಣ್ಣು ಬರೆಸಿದವರಿದ್ದಾರೆ. ಆಕೃತಿಯನ್ನು ಪೂರ್ತಿ ಬಿಡದೆ, ಅದರ ಮೈಕಟ್ಟನ್ನು ಮಾತ್ರ ಉಳಿಸಿ ಉಳಿದದ್ದನ್ನು ಸಮತಲಗಳಾಗಿ ಒಡೆಯುವುದು ಆ ಕಾಲದ ದಾರಿ. ತ್ರಿಕೋನದ ತಲೆ ಹೊತ್ತ ಭಾರವನ್ನು ಹೇಳುತ್ತದೆ, ಓರೆಯಾದ ಸೊಂಟದ ತುಂಡು ನಡಿಗೆಯನ್ನು ಹೇಳುತ್ತದೆ. ಮೀನು ಹೊತ್ತ ಹೆಂಗಸರೆಂದು ನಿಮಗೆ ಅನ್ನಿಸಿತಲ್ಲ, ಕೆಲಸ ಆಯಿತು. ಹಕ್ಕಳೆ ಬಿದ್ದ ಜಾಗಕ್ಕೂ ಪೋಸ್ಟರ್ ಕಲರ್ ತುಂಬಿಸಬೇಡಿ.

1957 ಅಂದರೆ ಮುಂಬಯಿಯಲ್ಲಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗುಂಪು (1947) ಕಟ್ಟಿ ಹತ್ತು ವರ್ಷ. ಸೋಜಾ, ರಝಾ, ಹುಸೇನ್, ಆರಾ, ಗಾಡೆ, ಬಾಕ್ರೆ ಅದರ ಮೊದಲಿಗರು. ಜಹಾಂಗೀರ್ ಆರ್ಟ್ ಗ್ಯಾಲರಿ ತೆರೆದು (1952) ಐದು ವರ್ಷ. ನಮ್ಮ ಕರಾವಳಿಯ ಕಟ್ಟಿಂಗೇರಿಯಿಂದ ಹೋದ ಕೆ.ಕೆ. ಹೆಬ್ಬಾರ್ ಆಗಲೇ ಹೆಸರಾಗಿದ್ದರು. ಸೋಜಾ ಹುಟ್ಟಿದ್ದು ಗೋವೆಯ ಸಾಲಿಗಾಂವಿನಲ್ಲಿ. ಹೀಗಾಗಿ ದಪ್ಪ ಕಪ್ಪು ಗೆರೆ ಕಂಡ ಕೂಡಲೇ, ಅದೂ ಕಾರವಾರದಲ್ಲಿ ಸಿಕ್ಕರೆ, 'ಸೋಜಾ ಇರಬಹುದು' ಎಂದು ಬಾಯಿಗೆ ಬರುತ್ತದೆ. ತಡೆಯಿರಿ. ಆ ಗೆರೆ ಆಗಿನ ಗಾಳಿಯಲ್ಲೇ ಇತ್ತು, ಮುಂಬಯಿಯ ಕಲಾಶಾಲೆಗಳಲ್ಲಿ ಓದುತ್ತಿದ್ದ ಹುಡುಗರ ಕೈಯಲ್ಲೂ ಇತ್ತು.

ಶೈಲಿಗಿಂತ ಹೆಚ್ಚು ಮಾತಾಡುವುದು ಚಿತ್ರದ ಬೆನ್ನು. ಪ್ರದರ್ಶನದ ಚೀಟಿ, ಕ್ರಮಸಂಖ್ಯೆ, ಪೆನ್ಸಿಲಿನ ಬೆಲೆ, ಕ್ಯಾನ್ವಾಸ್ ಮಾರಿದವರ ಮುದ್ರೆ, ಫ್ರೇಮ್ ಅಂಗಡಿಯ ಲೇಬಲ್, ಎಲ್ಲದರ ಫೋಟೊ ತೆಗೆಯಿರಿ. ಚೀಟಿ ಅರ್ಧ ಎದ್ದಿದ್ದರೆ ಕೀಳದೆ ಹಾಗೇ ಬಿಡಿ. ಮನೆಯಲ್ಲಿ ಹಳೆಯ ರಸೀದಿ, ಪತ್ರ, ಈ ಚಿತ್ರ ಹಿನ್ನೆಲೆಯಲ್ಲಿ ಬಿದ್ದ ಮದುವೆ ಫೋಟೊ ಇದ್ದರೆ ಅದೂ ದಾಖಲೆ.

ಸಹಿಯನ್ನು ಮಸೂರದಲ್ಲಿ ನೋಡಿ. ಬಣ್ಣದಲ್ಲಿ ಬಿದ್ದ ಬಿರುಕು ಸಹಿಯನ್ನೂ ಸೀಳಿಕೊಂಡು ಹೋಗಿದ್ದರೆ ಸಹಿ ಹಳೆಯದು. ಸಹಿಯ ಬಣ್ಣ ಬಿರುಕಿನೊಳಗೆ ಇಳಿದಿದ್ದರೆ, ಬಿರುಕು ಬಿಟ್ಟ ಮೇಲೆ ಯಾರೋ ಬರೆದದ್ದು. ಯುವಿ ಬೆಳಕಲ್ಲಿ ನಂತರದ ತೇಪೆಗಳು ಸಾಮಾನ್ಯವಾಗಿ ಕಪ್ಪಾಗಿ ಕಾಣುತ್ತವೆ. ಬಟ್ಟೆ ನೀಲಿ-ಬಿಳಿಯಾಗಿ ಝಗ್ಗನೆ ಹೊಳೆದರೆ ಅದರಲ್ಲಿ ಹೊಳಪು ರಾಸಾಯನಿಕ ಇದೆ ಎಂದರ್ಥ. ಅವು ಬಳಕೆಗೆ ಬಂದದ್ದೇ ಹೆಚ್ಚುಕಡಿಮೆ ಆ ಹೊತ್ತಿಗೆ, ಆದ್ದರಿಂದ ಅನುಮಾನಕ್ಕೆ ಕಾರಣ ಆದೀತು, ತೀರ್ಪಿಗೆ ಸಾಲದು. ತುಕ್ಕು ಹಿಡಿದ ಮೊಳೆ ಕಾಲಕ್ಕೆ ಹೊಂದುತ್ತದೆ, ಆದರೆ ನಿಮ್ಮೂರಿನಲ್ಲಿ ತುಕ್ಕಿಗೆ ಎಪ್ಪತ್ತು ವರ್ಷ ಬೇಕಿಲ್ಲ.

ಕಾನೂನು: 1972ರ ಪ್ರಾಚ್ಯವಸ್ತು ಕಾಯ್ದೆ ತಾಗಬೇಕಾದರೆ ಚಿತ್ರಕ್ಕೆ ನೂರು ವರ್ಷ ಆಗಿರಬೇಕು. ಇಲ್ಲವೇ 'ಕಲಾ ನಿಧಿ' ಎಂದು ಘೋಷಿಸಿದ ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್ ಮುಂತಾದವರ ಕೃತಿ ಆಗಿರಬೇಕು. ಕಾರವಾರದ ಕಡಲತೀರಕ್ಕೆ ಹೆಸರು ಕೊಟ್ಟ ರವೀಂದ್ರನಾಥರೂ ಆ ಪಟ್ಟಿಯಲ್ಲಿದ್ದಾರೆ, ಚಿತ್ರಕಾರರಾಗಿ. 1957ರ ಬೇರೆ ಚಿತ್ರಕ್ಕೆ ಅದು ತಾಗುವುದಿಲ್ಲ. ಬೆಲೆ ಕಟ್ಟಿಸುವ ಮಾತು ಹಕ್ಕಳೆ ಗಟ್ಟಿಯಾದ ಮೇಲೆ ಇರಲಿ. ಹೊಸದಾಗಿ ತೊಳೆದು ಹೊಳಪು ಮಾಡಿದ ಚಿತ್ರಕ್ಕಿಂತ ಕೊಳೆಯಿದ್ದರೂ ಯಾರೂ ಕೈಯಾಡಿಸದ ಚಿತ್ರವನ್ನು ಕೊಳ್ಳುವವರು ಹೆಚ್ಚು ನಂಬುತ್ತಾರೆ.

---

ಕೋಡಿಬಾಗದವ

ಹಿಂದೆ ಅರ್ಧ ಹರಿದ ಚೀಟಿ ಇದೆ, ಅದರಲ್ಲಿ 41 ಎಂಬ ಸಂಖ್ಯೆ ಮಾತ್ರ ಉಳಿದಿದೆ. ಹಾಗೇ ಬಿಟ್ಟಿದ್ದೇನೆ. ಸಂರಕ್ಷಕರಲ್ಲಿಗೆ ಒಯ್ಯುವುದಾದರೆ ಎಲ್ಲಿಗೆ, ಹೇಗೆ ಕಟ್ಟುವುದು? ಈಗಲೇ ಹೊರಡಬಹುದೇ?

---

ಓರೆ ಬೆಳಕು

ಬೆಂಗಳೂರಿನಲ್ಲಿ ಇಂಟ್ಯಾಕ್ ಎಂಬ ಪರಂಪರೆ ಉಳಿಸುವ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಇದೆ. ಮುಂಬಯಿಯಲ್ಲಿ ಛತ್ರಪತಿ ಶಿವಾಜಿ ವಸ್ತು ಸಂಗ್ರಹಾಲಯದ ಸಂರಕ್ಷಣಾ ಕೇಂದ್ರ. ಮೊದಲು ಓರೆ ಬೆಳಕಿನ ಫೋಟೊ ಕಳಿಸಿ ಕೇಳಿ, ಚಿತ್ರ ಹೊರಡುವುದು ಆಮೇಲೆ. ನೀರಿಗೆ ಹಳದಿ ಬಿಟ್ಟದ್ದು, ಬೆಣೆ ಬಿದ್ದದ್ದು ಎರಡನ್ನೂ ಬರೆಯಿರಿ. ಅವರ ಅರ್ಧ ದಿನದ ಕೆಲಸ ಉಳಿಯುತ್ತದೆ.

ಹೊರಡುವುದು ಡಿಸೆಂಬರ್ ಕಳೆದ ಮೇಲೆ. ಶೇ. 85ರ ತೇವದಿಂದ ಎತ್ತಿ ಬಯಲುಸೀಮೆಯ ಒಣಗಾಳಿಗೆ ಒಂದೇ ರಾತ್ರಿಯಲ್ಲಿ ಇಟ್ಟರೆ ದಾರಿಯಲ್ಲೇ ಬಣ್ಣ ಬಿಡುತ್ತದೆ.

ಗಟ್ಟಿ ಚಿತ್ರವಾದರೆ ನಿಲ್ಲಿಸಿ ಸಾಗಿಸುವುದು. ನಿಮ್ಮದು ಹಕ್ಕಳೆ ಎದ್ದದ್ದು, ಮುಖ ಮೇಲೆ ಮಾಡಿ ಮಲಗಿಸಿಯೇ ಹೋಗಬೇಕು. ಚಿತ್ರಕ್ಕಿಂತ ಎಲ್ಲ ಕಡೆ 3 ಇಂಚು ದೊಡ್ಡದಾದ, 4 ಇಂಚು ಆಳದ ಪೆಟ್ಟಿಗೆ. ತಳದಲ್ಲಿ 2 ಇಂಚಿನ ಫೋಮ್. ಫ್ರೇಮನ್ನು ನಾಲ್ಕು ಮೂಲೆಯಲ್ಲಿ ಹಿಡಿಸಿ, ಬಣ್ಣದ ಮುಖಕ್ಕೆ ಏನೂ ತಾಗದಂತೆ ಮೇಲೆ ಮುಚ್ಚಳ. ಬಬಲ್ ರ‍್ಯಾಪ್ ಮುಖಕ್ಕೆ ತಾಗಿದರೆ ಸೆಕೆಗೆ ಅದರ ಗುಳ್ಳೆಯ ಅಚ್ಚು ಬಣ್ಣದ ಮೇಲೆ ಮೂಡುತ್ತದೆ. ಬೆಣ್ಣೆ ಕಾಗದವೂ ಅಂಟುತ್ತದೆ. ಅರಬೈಲ್ ಘಟ್ಟದ ತಿರುವು ಮತ್ತು ಹೊಂಡಗಳಲ್ಲಿ ಮೆಲ್ಲಗೆ. ಊಟಕ್ಕೆ ನಿಲ್ಲಿಸಿದಾಗ ಕಾರನ್ನು ಬಿಸಿಲಲ್ಲಿ ಬಾಗಿಲು ಹಾಕಿ ಬಿಡಬೇಡಿ. ಹೋದ ಊರಲ್ಲಿ ಪೆಟ್ಟಿಗೆಯನ್ನು ಒಂದು ದಿನ ತೆರೆಯದೆ ಇಡಿ, ಒಳಗಿನ ಗಾಳಿ ಮೆಲ್ಲಗೆ ಹೊಂದಿಕೊಳ್ಳಲಿ. ಬಿದ್ದ ಚೂರುಗಳ ಡಬ್ಬಿ ಮರೆಯಬೇಡಿ.

ಆ ಬಿದ್ದ ಬೆಣೆ ಹೊರಗೆ ಬಂದ ಮೇಲೆ ಅದನ್ನೇ ಅದರ ತೂತಿಗೆ ಕೂರಿಸಲು ಹೇಳಿ. ಹೊಸದನ್ನು ಕೆತ್ತಬೇಕಾದದ್ದು ಕಾಣೆಯಾದ ಒಂದಕ್ಕೆ ಮಾತ್ರ. ಎಂಟಕ್ಕೂ ಸಣ್ಣ ತೂತು ಕೊರೆದು ನೈಲಾನ್ ದಾರದಿಂದ ಒಳಪಟ್ಟಿಗೆ ಕಟ್ಟಿಸಿ. ಮೀನು ಗಾಳದ ದಾರ ಸಾಕು, ಬೈತಖೋಲದಲ್ಲಿ ಸಿಗುತ್ತದೆ.